ಕಲಿಸಿದ ತಾಳ್ಮೆ

ಇವತ್ತೂ ಅದು ಕೂಗಲಿಲ್ಲ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಅವಳು ತಾನೇ ಕೂಡಿಸಿದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಒಂದು ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೂತಿತ್ತು. ಪೆಟ್ಟಿಗೆಗೆ ಕರೆಂಟು ಬರುತ್ತಿದೆ ಎಂಬುದರ ಹೊರತು ಆ ದೀಪ ಬೇರೇನನ್ನೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಹಾಲು ಕಾಯಿಸುತ್ತ ಅದರ ಕಡೆ ನೋಡಿದಾಗಲೆಲ್ಲ ಎದೆಯೊಳಗೆ ಏನೋ ಸ್ವಲ್ಪ ಸಡಿಲವಾಗುತ್ತಿತ್ತು. ಕಾಗದ ಬಂದಿಲ್ಲ. ಬರದಿದ್ದರೆ ಹೋಗಬೇಕಾಗಿಲ್ಲ. ಹೋಗದಿದ್ದರೆ ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಅವಳು ಸುಳ್ಳು ಹೇಳಿದಂತಾಗುವುದಿಲ್ಲ. ಈ ಲೆಕ್ಕವನ್ನು ಎಷ್ಟೋ ಸಲ ಮಾಡಿ ನೋಡಿದ್ದಳು. ಎಲ್ಲೂ ತಪ್ಪಿರಲಿಲ್ಲ. ಆದರೂ ಪ್ರತಿ ಸಲ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒಳಗಿನಿಂದ ಅತ್ತೆ, "ಮನಸ್ಸು ಎಲ್ಲಿಟ್ಟಿದ್ದೀಯ?" ಎಂದರು. ಗದರಿದ್ದಲ್ಲ. ಅವರಿಗೂ ಈಗ ಗದರುವ ಶಕ್ತಿ ಇರಲಿಲ್ಲ.

ಟಪಾಲು ಡಬ್ಬಿಗಳು ಕೆಳಗೆ, ಮೆಟ್ಟಿಲು ಶುರುವಾಗುವಲ್ಲಿ, ಗೋಡೆಗೆ ಸಾಲಾಗಿ ಹೊಡೆದ ತಗಡಿನ ಡಬ್ಬಿಗಳು. ಮೇಲ್ಗಡೆ ಕಾಗದ ತೂರಿಸಲು ಒಂದು ಮುಚ್ಚಳ, ಕೆಳಗಡೆ ಬೀಗದ ಬಾಗಿಲು. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಮಧ್ಯಾಹ್ನ ನೆಲಮಹಡಿಯ ಹೆಂಗಸರ ಜೊತೆ ಕೂತು ಎದ್ದು ಬರುವಾಗ ಡಬ್ಬಿ ತೆರೆದು ಇದ್ದದ್ದನ್ನು ತರುವುದು ಮದುವೆಯಾಗಿ ಅವಳು ಈ ಮನೆಗೆ ಬರುವ ಮೊದಲಿನಿಂದಲೂ ಅವರ ಕೆಲಸ. ಅದನ್ನು ಅವರಿಂದ ಕಿತ್ತುಕೊಳ್ಳಲು ಕಾರಣ ಕೊಡಬೇಕಾಗುತ್ತಿತ್ತು. ಹಾಗಾಗಿ ಅವಳು ಕಾಗದ ಬಿದ್ದ ಕೂಡಲೇ ತನಗೆ ತಿಳಿಯುವ ಹಾಗೆ ಮಾಡಿಕೊಳ್ಳಬೇಕೆಂದು ಯೋಚಿಸಿದಳು. ಕಾಲೇಜಿಗೆ ರಜೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಗಿಯರಿಗೆ ಸರ್ಕ್ಯೂಟು ಕೂಡಿಸುವುದನ್ನು ತೋರಿಸುವುದೇ ಅವಳ ಕೆಲಸ. ಬೇಕಾದ ಸಾಮಾನೆಲ್ಲ ತೀರಿಕೊಂಡ ಗಂಡನ ಖಾನೆಯಲ್ಲಿತ್ತು.

ಖಾನೆ ಎಳೆದಾಗ ಅವನ ವಾಸನೆ ಬರಲಿಲ್ಲ. ಬಂದದ್ದು ರಾಳದ ವಾಸನೆ, ಬೆಸುಗೆ ಹಾಕುವಾಗ ಏಳುವ ಹೊಗೆಯದು. ಅವಳು ಅಳಲಿಲ್ಲ. ಅಳು ಬರಬಹುದೆಂದು ಕಾದಳು, ಬರಲಿಲ್ಲ, ಕೆಲಸ ಶುರು ಮಾಡಿದಳು. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ತಗಡಿನ ನಾಲಿಗೆಗಳಿರುವ ಸ್ವಿಚ್ಚು. ಅಯಸ್ಕಾಂತ ಹತ್ತಿರವಿದ್ದರೆ ನಾಲಿಗೆಗಳು ಅಂಟಿಕೊಳ್ಳುತ್ತವೆ, ದೂರ ಸರಿದರೆ ಬಿಟ್ಟುಕೊಳ್ಳುತ್ತವೆ. ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಬೀಗದ ಕೈ ಒಯ್ದು ಡಬ್ಬಿ ತೆರೆದು, ಅಯಸ್ಕಾಂತವನ್ನು ಮುಚ್ಚಳದ ಒಳಮೈಗೆ ಅಂಟಿಸಿದಳು, ಕೊಳವೆಯನ್ನು ಡಬ್ಬಿಯ ಗೋಡೆಗೆ. ಮುಚ್ಚಳ ಎತ್ತಿದರೆ ಒಂದು ಚಿಕ್ಕ ರೇಡಿಯೊ ಮೇಲಿನ ಮನೆಗೆ ಸುದ್ದಿ ಕಳಿಸಬೇಕು, ಇಲ್ಲಿಯ ಪೆಟ್ಟಿಗೆ ಕೂಗಬೇಕು. ಮೊದಲ ದಿನ ಏನೂ ಕೇಳಿಸಲಿಲ್ಲ. ತಗಡು ರೇಡಿಯೊ ಅಲೆಯನ್ನು ಹೊರಬಿಡುವುದಿಲ್ಲ ಎಂದು ವರ್ಷ ವರ್ಷ ಪಾಠ ಹೇಳಿದವಳಿಗೆ ಅದು ನೆನಪಾದದ್ದು ಮೆಟ್ಟಿಲ ಮೇಲೆ ಕೂತಾಗ. ರೇಡಿಯೊದ ತಂತಿಯ ತುದಿಯನ್ನು ಡಬ್ಬಿಯ ತಳದ ತೂತಿನಿಂದ ಹೊರಗೆ ಇಳಿಬಿಟ್ಟಳು. ಆಗ ಕೂಗಿತು. ಎಷ್ಟು ಜೋರಾಗಿ ಎಂದರೆ ಅತ್ತೆ ಕೈಯಲ್ಲಿದ್ದ ಲೋಟ ಬಿಟ್ಟರು.

ಏನಿದು ಎಂದು ಅತ್ತೆ ಕೇಳಿದ್ದಕ್ಕೆ, ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಏನೋ ಮಾಡಿದೆ ಎಂದಳು. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅತ್ತೆ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿ, ಅವನೂ ಹೀಗೇ, ಊಟ ಬಿಟ್ಟು ತಂತಿ ಹಿಡಿದು ಕೂರುತ್ತಿದ್ದ ಎಂದು ಹೇಳಿ, ಒರೆಸುವ ಬಟ್ಟೆ ತಂದು ಅದರ ಮೇಲಿನ ಧೂಳು ಒರೆಸಿದರು. ಧೂಳು ಇರಲಿಲ್ಲ.

ಕಾಗದ ಬರುವುದು ವಿಚಾರಣೆಯ ಕಚೇರಿಯಿಂದ. ಗಂಡ ಯಂತ್ರ, ಅಲಾರಂ ನೋಡಿಕೊಳ್ಳುತ್ತಿದ್ದ ಶೀತಲಗೃಹದಲ್ಲಿ ಅನಿಲ ಸೋರಿ, ಅವನೂ ಒಬ್ಬ ವಯಸ್ಸಾದ ಹಮಾಲಿಯೂ ಯಂತ್ರದ ಕೋಣೆಯ ಬಾಗಿಲ ಬಳಿ ಸತ್ತು ಬಿದ್ದಿದ್ದರು. ಸೋರಿಕೆಯಾದರೆ ಕೂಗಬೇಕಾದ ಅಲಾರಂ ಕೂಗಿತ್ತು, ತಡವಾಗಿ ಕೂಗಿತ್ತು. ಯಾರೋ ಅದಕ್ಕೆ ಕೈ ಹಾಕಿದ್ದಾರೆ ಎಂದಾಯಿತು. ಆ ಹೊತ್ತಿನ ಪಾಳಿಯವನ ಬಳಿ ಅಲಾರಂ ಫಲಕದ ಬೀಗದ ಕೈ ಇತ್ತು, ಹಾಗಾಗಿ ಅವನನ್ನು ಹಿಡಿದರು. ಗಂಡ ಅವನನ್ನು ಕೊಕ್ಕರೆ ಎಂದು ಕರೆಯುತ್ತಿದ್ದ, ಕತ್ತು ಉದ್ದ ಎಂದು. ಜಾಮೀನಿನ ಮೇಲೆ ಬಿಡುಗಡೆಯಾಗಿ ಕೊಕ್ಕರೆ ಒಂದು ದಿನ ಇಲ್ಲಿಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತ. ಕೊಟ್ಟ ನೀರನ್ನು ಕುಡಿಯಲೋ ಬೇಡವೋ ಎಂಬಂತೆ ಹಿಡಿದುಕೊಂಡೇ ಇದ್ದ. ಅತ್ತೆ ಅವನ ಮುಖ ನೋಡದೆ ಗೋಡೆ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವನು, "ಅತ್ತಿಗೆ, ಅಣ್ಣ ಮನೇಲಿ ಏನಾದ್ರೂ ಹೇಳಿದ್ರಾ? ಆ ಅಲಾರಂ ವಿಷಯ?" ಎಂದ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ, "ನನ್ನ ಮಗ ಕೆಲಸದ ಮಾತನ್ನ ಹೊಸಿಲ ಆಚೆಗೇ ಬಿಟ್ಟು ಬರ್ತಿದ್ದ," ಎಂದರು. ಅವಳು ತೆರೆದ ಬಾಯಿ ಮುಚ್ಚಿದಳು. ಬಾಯಿ ತೆರೆದದ್ದನ್ನು ಕೊಕ್ಕರೆ ನೋಡಿದ್ದ. ಹೋಗುವಾಗ ಚಪ್ಪಲಿ ಮೆಟ್ಟುತ್ತ ಅವಳನ್ನು ಇನ್ನೊಮ್ಮೆ ನೋಡಿದ. ನಿಮ್ಮನ್ನೂ ಒಂದು ಸಲ ಕರೆಸುತ್ತಾರಂತೆ ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಅಂದಿನಿಂದ ಅವಳಿಗೆ ಆ ತಗಡಿನ ಡಬ್ಬಿಯ ಭಯ.

ಹೇಳಿದ್ದ. ಸಾಯುವ ಹಿಂದಿನ ಸಂಜೆ, ಗಂಡ ಇದೇ ಅಡುಗೆಮನೆಯ ಬಾಗಿಲಿಗೆ ಒರಗಿ, ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. ಅಲ್ಲಿ ನೆಲ ತೊಳೆದರೂ ಅಲಾರಂ ಕೂಗುತ್ತದೆ, ಬಾಗಿಲು ತೆರೆದರೂ ಕೂಗುತ್ತದೆ, ಪ್ರತಿ ಸಲ ಮೂಟೆ ಕೆಳಗೆ ಹಾಕಿ ಎಲ್ಲರೂ ಹೊರಗೆ ಓಡಬೇಕು, ಓಡಿ ಬಂದು ನನ್ನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾರೆ ಎಂದು ಮೊದಲೂ ಹೇಳುತ್ತಿದ್ದ. ಮ್ಯಾನೇಜರು ಎಲ್ಲರೆದುರು, ನಿನ್ನ ಪೆಟ್ಟಿಗೆಗೆ ನೆಗಡಿಯೇನಯ್ಯಾ ಎಂದು ನಗಾಡಿದ್ದನಂತೆ. ಆ ಸಂಜೆ ಮಾತ್ರ ಅವನ ಮುಖ ಹಗುರಾಗಿತ್ತು. "ಇವತ್ತು ಅದಕ್ಕೆ ಸ್ವಲ್ಪ ತಾಳ್ಮೆ ಕಲಿಸಿದೆ," ಎಂದ. "ವಾಸನೆ ಬಂದ ತಕ್ಷಣ ಕೂಗಲ್ಲ. ಸ್ವಲ್ಪ ಹೊತ್ತು ನೋಡಿ, ಇನ್ನೂ ಇದ್ರೆ ಕೂಗುತ್ತೆ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಒಪ್ಪಿಗೆ, ಸಹಿ ಅಂತ ತಿಂಗಳು ಕಳೀತಾರೆ." ಅವಳು ಒಲೆಯ ಕಡೆ ತಿರುಗಿದ್ದಳು. ಹೂಂ ಎಂದಳು. ಎಷ್ಟು ಹೊತ್ತು ಎಂದು ಕೇಳಲಿಲ್ಲ. ವಿದ್ಯಾರ್ಥಿನಿಯೊಬ್ಬಳು ಹಾಗೆ ಹೇಳಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು. ಬಚ್ಚಲಲ್ಲಿ ಅತ್ತೆ ನೀರು ಹುಯ್ದುಕೊಳ್ಳುವ ಸದ್ದು. ಇಡೀ ಜಗತ್ತಿನಲ್ಲಿ ಆ ಮಾತು ಕೇಳಿದ್ದು ಅವಳೊಬ್ಬಳೇ. ಅವನೇ ಕಲಿಸಿದ ತಾಳ್ಮೆ ಅವನ ಜೊತೆ ಆ ಮುದುಕನನ್ನೂ ಕೊಂದಿತು, ಈಗ ಕೊಕ್ಕರೆಯ ಉದ್ದ ಕತ್ತಿಗೆ ಬಂದು ನಿಂತಿದೆ. ಒಂದು ಮಾತು ಹೇಳಿದರೆ ಕೊಕ್ಕರೆ ಬಿಡುಗಡೆಯಾಗುತ್ತಾನೆ. ಅದೇ ಮಾತಿಗೆ ಗಂಡ ತನ್ನದೂ ಸೇರಿ ಎರಡು ಜೀವ ತೆಗೆದವನಾಗುತ್ತಾನೆ. ಇತರರನ್ನು ಉಳಿಸಲು ಹೋಗಿ ಸತ್ತ ಮಗ ಎಂಬ ಒಂದೇ ಊರುಗೋಲು ಹಿಡಿದು ನಿಂತಿರುವ ಹೆಂಗಸು ಇದೇ ಮನೆಯಲ್ಲಿ, ಗೋಡೆಯಾಚೆಯ ಕೋಣೆಯಲ್ಲಿ ಮಲಗುತ್ತಾರೆ.

ಅವಳ ಪೆಟ್ಟಿಗೆ ಮೊದಮೊದಲು ತಡೆಯಿಲ್ಲದೆ ಕೂಗಿತು. ಜಾಹೀರಾತಿನ ಚೀಟಿ ಹಂಚುವವನು ಮುಚ್ಚಳ ಎತ್ತಿದರೆ ಕೂಗಿತು, ಯಾರೋ ಬೀದಿಬಾಗಿಲನ್ನು ತೆರೆದಿಟ್ಟು ಗಾಳಿ ನುಗ್ಗಿದರೆ ಕೂಗಿತು. ಪ್ರತಿ ಕೂಗಿಗೂ ಅವಳು ಕೈಯ ಕೆಲಸ ಬಿಟ್ಟು, ಬಿಚ್ಚಿದ ಕೂದಲಲ್ಲೇ, ಒಮ್ಮೊಮ್ಮೆ ಬರಿಗಾಲಲ್ಲೇ ಇಳಿದು ಓಡಿದಳು. ಬೀಗದ ಕೈ ಇಲ್ಲ, ಮುಚ್ಚಳದ ಸಂದಿಯಲ್ಲಿ ಎರಡು ಬೆರಳು ತೂರಿಸಿ ತಡಕಬೇಕು. ತಗಡಿನ ಅಂಚು ಬೆರಳ ಹಿಂಬದಿಯನ್ನು ಗೀರಿತು. ಸಿಕ್ಕಿದ್ದು ಹಲ್ಲಿನ ಆಸ್ಪತ್ರೆಯ ಚೀಟಿ. ನೆಲಮಹಡಿಯ ನಿವೃತ್ತ ಗುಮಾಸ್ತರನ್ನು ಎಲ್ಲರೂ ಸಭಾಪತಿ ಎನ್ನುತ್ತಿದ್ದರು, ಕಟ್ಟಡದ ಯಾವ ಮಾತೂ ಅವರ ಅಪ್ಪಣೆಯಿಲ್ಲದೆ ಮುಗಿಯುತ್ತಿರಲಿಲ್ಲ. ಅವರು ಇಳಿಬಿದ್ದ ತಂತಿಯನ್ನು ಕೋಲಿನಿಂದ ದೂರದಿಂದಲೇ ಮುಟ್ಟಿ, "ಏನಮ್ಮಾ, ಇದು ಸಿಡಿಯೋ ಜಾತಿದಲ್ಲ ತಾನೆ?" ಎಂದು ಕೇಳಿದರು. ಅವಳು ವಿವರಿಸಿದಳು. ಅವರು ಕನ್ನಡಕದ ಮೇಲಿಂದ ನೋಡಿ, "ಈ ಕಾಲದಲ್ಲಿ ಕಾಗದ ಬರೆಯೋರು ಯಾರಿದ್ದಾರಮ್ಮ, ಇಷ್ಟೆಲ್ಲಾ ಏರ್ಪಾಡು ಮಾಡೋಕೆ?" ಎಂದರು. ಅಷ್ಟೇ ಹೇಳಿದ್ದು. ಆದರೆ ಮರುದಿನ ಅವಳು ಡಬ್ಬಿಯೊಳಗೆ ಬೆರಳಿಟ್ಟುಕೊಂಡಿದ್ದಾಗ ಎದುರುಮನೆಯವಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹಾದುಹೋದಳು, ಒಳಗೆ ಹೋದ ಮೇಲೆ ಯಾರಿಗೋ ಹೇಳಿದಳು. ಬಾಗಿಲು ಇನ್ನೂ ಮುಚ್ಚಿರಲಿಲ್ಲ. "ಯಾರದೋ ಕಾಗದಕ್ಕೆ ಒಂದೇ ಸಮ ಓಡಿ ಬರ್ತಾಳೆ. ಇನ್ನೂ ವರ್ಷ ಆಗಿಲ್ಲ, ನೋಡು." ಅವಳು ಬೆರಳನ್ನು ಹೊರಗೆ ತೆಗೆಯುವುದನ್ನೇ ಮರೆತು ನಿಂತಳು. ತನಗೆ ಕಾಗದ ಬರೆಯುವ ಗಂಡಸೊಬ್ಬ ಎಲ್ಲೋ ಇದ್ದಾನೆ ಎಂಬ ಕಲ್ಪನೆಯೇ ಒಂದು ಕ್ಷಣ ಹಿತವೆನಿಸಿತು. ಅವಳು ಕಾಯುತ್ತಿದ್ದ ಕಾಗದಕ್ಕಿಂತ ಅದು ಎಷ್ಟೋ ಮೇಲಾಗಿತ್ತು. ಆ ಹಿತಕ್ಕೇ ಮೈಯೆಲ್ಲ ನಾಚಿಕೆಯಾಯಿತು.

ಅವತ್ತೇ ಸಂಜೆ ಕೂತು ಪ್ರೋಗ್ರಾಂ ತಿದ್ದಿದಳು. ಮುಚ್ಚಳ ತೆರೆದು ಮೂರು ಸೆಕೆಂಡು ತೆರೆದೇ ಇದ್ದರೆ ಮಾತ್ರ ಕೂಗು, ಅದಕ್ಕಿಂತ ಬೇಗ ಮುಚ್ಚಿಕೊಂಡರೆ ಗಾಳಿ ಎಂದು ತಿಳಿದು ಸುಮ್ಮನಿರು. ಕಚೇರಿಯ ಲಕೋಟೆ ಉದ್ದವಾಗಿರುತ್ತದೆ, ದಪ್ಪವಾಗಿರುತ್ತದೆ, ತೂರಿಸಲು ಹೊತ್ತು ಹಿಡಿಯುತ್ತದೆ ಎಂದು ತರ್ಕಿಸಿದಳು. ಚೊಕ್ಕವಾದ ತರ್ಕ. ಬರೆದು ಮುಗಿಸಿದಾಗ ಭುಜಗಳಲ್ಲಿ ಹಗುರಾದ ಒಂದು ನೋವು, ಹೊರೆ ಇಳಿಸಿದ ಮೇಲೆ ಆಗುವಂಥದ್ದು. ಮರುದಿನದಿಂದ ಮನೆ ಸದ್ದಿಲ್ಲದಾಯಿತು. ಚೀಟಿಯವನು ಬಂದ, ಹೋದ, ಗಾಳಿ ಬೀಸಿತು. ಪೆಟ್ಟಿಗೆ ಹಸಿರು ದೀಪ ಉರಿಸಿಕೊಂಡು ಕೂತಿತು. ಅವಳು ತಲೆ ಬಾಚಿಕೊಂಡಳು, ಅಕ್ಕಿ ಆರಿಸಿದಳು, ಮಧ್ಯಾಹ್ನ ನಿದ್ದೆ ಕೂಡ ಬಂತು.

ಈಗ ಹಾಲು ಚೆಲ್ಲಿದ ಒಲೆ ಒರೆಸಿ, ಇನ್ನಷ್ಟು ಹಾಲು ತರಲೆಂದು ಅವಳು ಕೆಳಗಿಳಿದಳು. ಅಂಗಡಿಯಿಂದ ಹಿಂದಿರುಗಿ ಬೀದಿಬಾಗಿಲು ತಳ್ಳಿದಾಗ ಅಂಚೆಯವನು ಡಬ್ಬಿಗಳ ಮುಂದೆ ನಿಂತಿದ್ದ. ಅವನನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ನಡುವಯಸ್ಸಿನವನು, ಒಂದು ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ಎಡಗೈ ಮಡಚಿ ಅದರ ಮೇಲೆ ಕಾಗದಗಳ ಕಟ್ಟು, ಬಲಗೈ ಹೆಬ್ಬೆರಳಿನಿಂದ ಮುಚ್ಚಳ ಎತ್ತಿ, ಅದೇ ಕೈಯ ಬೆರಳುಗಳಿಂದ ಲಕೋಟೆಯನ್ನು ಒಳಗೆ ಚಿಮ್ಮುತ್ತಿದ್ದ. ಹೆಬ್ಬೆರಳು ಆಗಲೇ ಪಕ್ಕದ ಡಬ್ಬಿಯಲ್ಲಿ. ಅವಳ ಮನೆಯ ಡಬ್ಬಿಗೆ ಉದ್ದನೆಯ, ದಪ್ಪನೆಯ ಲಕೋಟೆಯೊಂದನ್ನು ಹಾಕಿದ, ಅದರ ಮೇಲೆ ವಿಮೆಯವರ ಮುದ್ರೆ ಇತ್ತು. ಮುಚ್ಚಳ ಟಪ್ ಎಂದು ಬಿತ್ತು. ಅವಳು ಕಣ್ಣು ಮಿಟುಕಿಸಿದ್ದರೆ ಕಾಣುತ್ತಲೇ ಇರಲಿಲ್ಲ. ಅವನು ಅವಳನ್ನು ನೋಡಿ ದಾರಿ ಬಿಟ್ಟುಕೊಟ್ಟು ಹೊರಟುಹೋದ.

ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ಹಾಲಿನ ಪೊಟ್ಟಣ ಕೈಯಲ್ಲಿ ಬೆವರುತ್ತಿತ್ತು. ಅತ್ತೆ ನಡುಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಈಗ ಅದು ಕೂಗಿತಾ ಎಂದು ಕೇಳಿದಳು. ಇಲ್ಲವಲ್ಲ, ಎಷ್ಟೋ ದಿನದಿಂದ ಕೂಗೇ ಇಲ್ಲ, ಒಳ್ಳೇದಾಯಿತು, ಮೊದಲು ಎದೆ ಒಡೆದುಹೋಗುತ್ತಿತ್ತು ಎಂದರು ಅತ್ತೆ. ಅವಳು ಅಡುಗೆಮನೆಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ಹಸಿರು ದೀಪ. ಕೈ ಹಾಲಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಇತ್ತು. ಬೈಗುಳಕ್ಕೆ ಹೆದರಿ ಅವನು ತಡ ಹಾಕಿದ, ಎದುರುಮನೆಯವಳ ಒಂದು ಮಾತಿಗೆ ಹೆದರಿ ತಾನು ಹಾಕಿದೆ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಚೊಕ್ಕವಾದ ತರ್ಕ ಮಾಡಿ, ಭುಜ ಹಗುರ ಮಾಡಿಕೊಂಡು. ಅವನು ಬಾಗಿಲಿಗೆ ಒರಗಿ ನಿಂತಾಗ ಅವನ ಮುಖದಲ್ಲಿದ್ದದ್ದು ಇದೇ ಹಗುರು. ತಿಂಗಳುಗಟ್ಟಲೆ ಅವಳು ತನಗೆ ತಾನೇ ಕೇಳಿಕೊಂಡಿದ್ದಳು, ಅಷ್ಟು ತಿಳಿದವನು ಹೇಗೆ ಹಾಗೆ ಮಾಡಿದ ಎಂದು. ಹೇಗೆ ಎಂಬುದು ಈಗ ಅವಳ ಬೆರಳುಗಳಿಗೇ ಗೊತ್ತಿತ್ತು. ಅದಕ್ಕೆ ದುಷ್ಟತನ ಬೇಕಿಲ್ಲ, ದಡ್ಡತನವೂ ಬೇಕಿಲ್ಲ. ಸ್ವಲ್ಪ ದಣಿದಿದ್ದರೆ ಸಾಕು. ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಸತ್ತ ಮೇಲೆ ಮೊದಲ ಸಲ. ಅದರ ಬೆನ್ನಿಗೇ ಭಯವೂ ಬಂತು. ಇಷ್ಟು ದಿನ ಆ ಡಬ್ಬಿಗೆ ಏನೇನು ಬಿದ್ದಿರಬಹುದು?

ಅವಳು ನಡುಮನೆಗೆ ಬಂದು ಅತ್ತೆಯ ಪಕ್ಕ ಕೂತಳು. ತನ್ನ ಹೆಸರಿಗೆ ಯಾವುದಾದರೂ ಕಾಗದ ಬಂದಿತ್ತೇ ಎಂದು ಕೇಳಿದಳು. ಅತ್ತೆಯ ಕೈ ಮಡಚುತ್ತಿದ್ದ ದುಪ್ಪಟಿಯ ಮೇಲೆ ನಿಂತಿತು. ಆಮೇಲೆ ಅದನ್ನು ಪೂರ್ತಿ ಮಡಚಿ, ಅಂಚು ಅಂಚಿಗೆ ಕೂಡಿಸಿ, ಪಕ್ಕಕ್ಕಿಟ್ಟು, ಎದ್ದು ತಮ್ಮ ಕೋಣೆಗೆ ಹೋದರು. ಹಾಸಿಗೆಯ ಕೆಳಗಿನಿಂದ ವಿಚಾರಣೆಯ ಕಚೇರಿಯ ಲಕೋಟೆ ತಂದು ಅವಳ ಮಡಿಲಿಗೆ ಹಾಕಿದರು. ಒಡೆದಿರಲಿಲ್ಲ.

"ಮೇಲೆ ಏನು ಬರೆದಿದ್ದಾರೆ ನೋಡು," ಎಂದರು. "ಅವನ ಹೆಸರಿನ ಹಿಂದೆ ದಿವಂಗತ ಅಂತ. ಅವನ ಹೆಂಡತಿಗೆ ಅಂತ. ನಾನು ಅದನ್ನ ನಿನ್ನ ಕೈಗೆ ಹೇಗೆ ಕೊಡಲಿ?"

ಅವಳು ಒಡೆದು ಓದಿದಳು. ಹೇಳಿಕೆ ಕೊಡಲು ಬರಬೇಕಾದ ದಿನ ಮೊನ್ನೆಗೆ ಮುಗಿದಿತ್ತು. ಏನು ಬರೆದಿದೆ ಎಂದು ಅತ್ತೆ ಕೇಳಿದರು, ಅವಳು ಹೇಳಿದಳು. ಅತ್ತೆ ನಿಧಾನವಾಗಿ ಕೂತರು, ಇನ್ನೊಂದು ಬಟ್ಟೆ ಎತ್ತಿಕೊಂಡರು. ಆಯಿತಲ್ಲ, ದಿನ ಮುಗಿಯಿತು, ಕರೆದಾಗ ಬರಲಿಲ್ಲ ಎಂದರೆ ಏನೂ ಗೊತ್ತಿಲ್ಲ ಎಂದು ಬರೆದುಕೊಳ್ಳುತ್ತಾರೆ, ಬಿಡು ಎಂದರು. ಆ 'ಬಿಡು' ಎಂಬುದು ಎಷ್ಟು ಮೆತ್ತಗಿತ್ತೆಂದರೆ ಅವಳಿಗೆ ಅದರ ಮೇಲೆ ತಲೆಯಿಟ್ಟು ಮಲಗಬೇಕೆನಿಸಿತು. ಅವಳು ಬೇಡಿದ್ದು ಇದನ್ನೇ ಅಲ್ಲವೆ? ಅವಳು ಸುಳ್ಳು ಹೇಳಲಿಲ್ಲ, ಅಡಗಿಸಲೂ ಇಲ್ಲ. ಮೂರು ಸೆಕೆಂಡು ಎಲ್ಲವನ್ನೂ ಅವಳ ಪರವಾಗಿ ಮಾಡಿ ಮುಗಿಸಿತ್ತು. ಸುಮ್ಮನಿದ್ದರೆ ಸಾಕು. ನಾಳೆಯೂ ಮನೆ ಹೀಗೇ ಸದ್ದಿಲ್ಲದೆ ಇರುತ್ತದೆ, ನಾಡಿದ್ದೂ. ಎಲ್ಲೋ ಒಂದು ಕಚೇರಿಯಲ್ಲಿ ಒಬ್ಬ ಉದ್ದ ಕತ್ತಿನವನು ಕುರ್ಚಿಯ ತುದಿಯಲ್ಲಿ ಕೂತಿರುತ್ತಾನೆ. ಈ ಸದ್ದಿಲ್ಲದ ಮನೆಯೊಳಗೆ ಮುದುಕಿಯಾಗುವವರೆಗೂ ತಾನು ಬದುಕಿರುವುದು ಅವಳ ಕಣ್ಣಿಗೆ ಕಟ್ಟಿತು. ಆ ಭಯ ಕಾಗದದ ಭಯಕ್ಕಿಂತ ದೊಡ್ಡದಾಗಿತ್ತು.

"ಅತ್ತೆ, ಆ ಅಲಾರಂಗೆ ತಡ ಹಾಕಿದ್ದು ಇವರೇ," ಎಂದಳು.

ಅತ್ತೆ ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?"

"ಅವರೇ. ಹಿಂದಿನ ಸಂಜೆ. ನೀವು ಸ್ನಾನಕ್ಕೆ ಹೋಗಿದ್ರಿ."

ಅತ್ತೆಯ ಮಡಿಲಲ್ಲಿದ್ದದ್ದು ಅವನ ಹಳೆಯ ಅಂಗಿ, ಈಗ ಒರೆಸುವ ಬಟ್ಟೆಯಾಗಿತ್ತು. ಕೂಗಾಡುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ಈ ಕ್ಷಣವೇ ಹೊರಗೆ ನಡೆ ಎನ್ನುತ್ತಾರೆ ಎಂದು ಅವಳು ಮೈಯೆಲ್ಲ ಬಿಗಿಹಿಡಿದು ಕಾದಳು. ಅವರು ಅಂದದ್ದು ಬೇರೆ.

"ನನಗೆ ಹೇಳಲಿಲ್ಲ," ಎಂದರು. "ನಿನಗೆ ಹೇಳಿದ."

ಕಾಗದದ ಮೇಲ್ತುದಿಯಲ್ಲಿ ಕಚೇರಿಯ ನಂಬರಿತ್ತು. ಫೋನು ತೆಗೆದುಕೊಂಡು ಅವಳು ಅಭ್ಯಾಸಬಲದಿಂದ ಬಾಲ್ಕನಿಯ ಕಡೆ ಹೆಜ್ಜೆ ಇಟ್ಟಳು. ಹಿಂದಿನಿಂದ ಅತ್ತೆ, "ಹೊರಗೆ ಹೋಗಬೇಡ. ಇಲ್ಲೇ ಮಾತಾಡು," ಎಂದರು. ಅದು ಅಪ್ಪಣೆಯೋ ಬೇಡಿಕೆಯೋ ತಿಳಿಯಲಿಲ್ಲ. ಅವಳು ಹಿಂದಿರುಗಿ ಅವರೆದುರು ನೆಲದ ಮೇಲೆ ಕೂತಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಎತ್ತದಿರಲಿ ಎಂದು ಆಗಲೂ ಒಂದು ಮನಸ್ಸು ಬೇಡಿತು. ಎತ್ತಿದರು. ಹೆಂಗಸಿನ ದನಿ, ಬಾಯಲ್ಲಿ ಏನೋ ಅಗಿಯುತ್ತಿದ್ದಳು. ಯಾರು ಎಂದಳು, ಯಾವ ಪ್ರಕರಣ ಎಂದಳು, ಸತ್ತವರಿಗೆ ನೀವು ಏನಾಗಬೇಕು ಎಂದಳು. ಕರೆದ ದಿನ ಬರಲಿಲ್ಲವಲ್ಲ ಎಂದು ಆಕ್ಷೇಪಿಸಿದಳು. ನಾಳೆ ಬಂದು ಸಹಿ ಹಾಕುವುದಾದರೆ ಈಗ ಏನು ಹೇಳಬೇಕೋ ಹೇಳಿ, ಅಧಿಕಾರಿಗಳಿಗೆ ತಿಳಿಸಬೇಕು, ತಡೀರಿ, ಪೆನ್ನು ತಗೋತೀನಿ ಎಂದಳು. ಅವಳು ತಡೆದಳು. ಮೇಜಿನ ಖಾನೆ ಎಳೆದ ಸದ್ದು ಕಿವಿಗೆ ಬಂತು. ಅಷ್ಟು ಹೊತ್ತಿನಲ್ಲಿ ಫೋನು ಕೆಳಗಿಡಬಹುದಿತ್ತು. ಇಡಲಿಲ್ಲ.

"ಹೇಳಿ."

ಹೇಳಿದಳು. ಹೇಳಿದೆನೆಂದುಕೊಂಡಳು.

"ಕೇಳಿಸಲಿಲ್ಲಮ್ಮ," ಎಂದಿತು ಆ ಕಡೆ. "ಇನ್ನೊಂದು ಸಲ."

ಅವಳು ಅತ್ತೆಯ ಕಡೆ ನೋಡಿದಳು. ಅವರ ಮುಖದಲ್ಲಿ ಏನಿದೆ ಎಂದು ಓದಲಾಗಲಿಲ್ಲ. ಅವರು ಅಂಗಿಯನ್ನು ಮಡಚದೆ, ಮುದ್ದೆ ಮಾಡಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಗಟ್ಟಿಯಾಗಿ ಹೇಳು," ಎಂದರು. "ನನಗೂ ಕೇಳಿಸಲಿ."